ಯಾರಿಗೂ ಬೇಡವಾದ ಗುಳಿಗೆ

"ನಾ ಅವನ್ನ ಯಾಕ ಕೊಲ್ಲಲಿ ಹೇಳ್ರಿ ಮೇಡಂ? ಒಂದ ಒಂದು ಕಾರಣ ಹೇಳ್ರಿ. ಇಲ್ಲೇ ಕೈ ಮುಂದ ಮಾಡ್ತೀನಿ, ಬೇಡಿ ಹಾಕ್ಕೊಂಡ ಹೋಗ್ರಿ."

ಹಾಗೆಂದು ಧರ್ಮರಾಜ ಎಣ್ಣೆಗಾಯಿ ಬದನೆಯನ್ನು ರೊಟ್ಟಿಯ ತುಣುಕಿನಿಂದ ಒತ್ತಿ ಮುರಿದು ಬಾಯಿಗಿಟ್ಟುಕೊಂಡ. ಕೊಲೆಯ ಮಾತು ಎತ್ತಿದಾಗ ಹಸಿವು ಹೆಚ್ಚುವ ಮನುಷ್ಯರನ್ನು ಸರಿತಾ ತನ್ನ ನೌಕರಿಯಲ್ಲಿ ಹೆಚ್ಚು ಕಂಡಿರಲಿಲ್ಲ.

ಮುಧೋಳದ ಬಸ್ ನಿಲ್ದಾಣದ ಹಿಂದಿನ ಖಾನಾವಳಿ ಅದು. ಊಟದ ಹೊತ್ತು. ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಒಂದೇ ಸಮ ಬರುತ್ತಿತ್ತು. ಬೀಳಗಿ ಠಾಣೆಯ ಪಿಎಸ್‌ಐ ಸರಿತಾ ಖಾಕಿ ಬಿಟ್ಟು ಸಾದಾ ಚೂಡಿದಾರದಲ್ಲಿ ಬಂದಿದ್ದಳು. ಪಕ್ಕದ ಮೇಜಿನಲ್ಲಿ ಹವಾಲ್ದಾರ ಭೀಮಪ್ಪ ತನಿಖೆಗಿಂತ ಗಟ್ಟಿ ಮೊಸರಿನ ಮೇಲೆ ಹೆಚ್ಚು ನಿಗಾ ಇಟ್ಟು ಕುಳಿತಿದ್ದ.

ಜಮಖಂಡಿಯ ಡಾಕ್ಟರ್ ವೀರೇಶನ ಹೆಣ ಅನಗವಾಡಿಯ ಹತ್ತಿರ ಕೃಷ್ಣೆಯ ಹಿನ್ನೀರಿನಲ್ಲಿ ಸಿಕ್ಕು ವಾರವಾಗಿತ್ತು. ತಲೆಯ ಹಿಂಬದಿಗೆ ಪೆಟ್ಟು ಬಿದ್ದಿತ್ತು. ನೀರಿಗೆ ಬೀಳುವಾಗ ಕಲ್ಲು ತಾಗಿರಬಹುದು, ಯಾರಾದರೂ ಹೊಡೆದಿರಲೂಬಹುದು ಎಂದು ಶವಪರೀಕ್ಷೆಯ ಡಾಕ್ಟರರು ಎರಡೂ ಕಡೆ ಕಾಲಿಟ್ಟು ಬರೆದುಕೊಟ್ಟಿದ್ದರು. ಸರ್ಕಲ್ ಸಾಹೇಬರಿಗೆ ಅಷ್ಟು ಸಾಕಾಗಿತ್ತು. "ಆತ್ಮಹತ್ಯಾ ಅಂತ ಬರದು ಮುಗಸವಾ ಸರಿತಾ" ಎಂದು ದಿನಾ ಬೆಳಗ್ಗೆ ಫೋನ್ ಮಾಡುತ್ತಿದ್ದರು.

ಊರಿನ ಜನ ಮಾತ್ರ ತೀರ್ಪು ಕೊಟ್ಟು ಕುಳಿತಿದ್ದರು. ಔಷಧ ಕಂಪನಿಯವರೇ ಡಾಕ್ಟರನ್ನು ಮುಗಿಸಿದರು ಎಂದು ಚಹಾದಂಗಡಿಯಿಂದ ಹಿಡಿದು ಕಟಿಂಗ್ ಶಾಪಿನವರೆಗೆ ಎಲ್ಲರದೂ ಒಂದೇ ಮಾತು. ಆ ಕಂಪನಿಯ ಈ ಭಾಗದ ದೊಡ್ಡ ಮ್ಯಾನೇಜರ್ ಅಂದರೆ ಇದೇ ಧರ್ಮರಾಜ. ಬೀಳಗಿಯಲ್ಲಿ ಹುಟ್ಟಿದವನು, ವೀರೇಶನ ಜೊತೆ ಒಂದೇ ಹಾಸ್ಟೆಲ್ಲಿನ ಒಂದೇ ಖೋಲಿಯಲ್ಲಿ ಓದಿದವನು. ಬಾಯಿಯ ಕ್ಯಾನ್ಸರಿಗೆಂದು ಬಂದ ಹೊಸ ಇಂಜೆಕ್ಷನ್ನನ್ನು ಮಾರುವುದು ಅವನ ಕೆಲಸ. ಅದರ ಬೆಲೆ ಕೇಳಿದರೆ ರೋಗಿಗಿಂತ ಮೊದಲು ರೋಗಿಯ ಮನೆಯವರು ಹಾಸಿಗೆ ಹಿಡಿಯಬೇಕು.

"ಕಾರಣ ಊರ ತುಂಬ ಐತ್ರಿ," ಎಂದಳು ಸರಿತಾ. "ನಿಮ್ಮ ಇಂಜೆಕ್ಷನ್ ಅಷ್ಟ ತುಟ್ಟಿ. ವೀರೇಶ ಹೊಟ್ಟಿ ಹುಳಕ್ಕ ಕೊಡೋ ಹಳೇ ಗುಳಿಗಿಯಿಂದ ಅದ ಕೆಲಸ ಆಗತೈತೇನಂತ ನೋಡಾಕ ಹತ್ತಿದ್ದ. ಆ ಗುಳಿಗಿ ಗೆದ್ದಿದ್ರ ನಿಮ್ಮ ಅಂಗಡಿ ಬಂದ್."

ಧರ್ಮರಾಜ ನಕ್ಕ. ನಗುವಾಗಲೂ ಬಿಳಿ ಅಂಗಿಯ ಮೇಲೆ ಸಾರು ಬೀಳದಂತೆ ಎಚ್ಚರವಿತ್ತು.

"ಜನಕ್ಕ ಒಬ್ಬ ರಾಕ್ಷಸ ಬೇಕ್ರಿ ಮೇಡಂ. ಖರೆ ಹೇಳ್ಲೇನು? ಇಂಥಾ ಗುಳಿಗಿನ ಕೊಲ್ಲಾಕ ಯಾರೂ ಬೇಕಾಗಿಲ್ಲ. ಯಾರೂ ಹೊಳ್ಳಿ ನೋಡ್ಲಿಲ್ಲ ಅಂದ್ರ ಅದರಷ್ಟಕ್ಕ ಅದ ಸಾಯ್ತೈತಿ."

"ಅಂದ್ರ?"

"ಆ ಗುಳಿಗಿ ಪೇಟೆಂಟ್ ಮುಗದದ್ದು ನಾವೆಲ್ಲಾ ಚಡ್ಡಿ ಹಾಕ್ಕೊಳ್ಳೋ ಕಾಲಕ್ಕ. ಈಗ ಯಾರ ಬೇಕಾದ್ರೂ ಮಾಡಬಹುದು, ಮಾರಬಹುದು. ಒಂದ ಗುಳಿಗಿಗೆ ಅರ್ಧಾ ಚಾದ ರೊಕ್ಕಾನೂ ಇಲ್ಲ. ಆದ್ರ ಅದು ಕ್ಯಾನ್ಸರಿಗೆ ಆಗತೈತಿ ಅಂತ ಸಾಬೀತ ಮಾಡಬೇಕಂದ್ರ? ಊರೂರು ಆಸ್ಪತ್ರಿ, ಸಾವಿರಗಟ್ಟಲೆ ರೋಗಿಗಳು, ವರ್ಷಾನುಗಟ್ಟಲೆ ತಪಾಸಣಿ. ಕೋಟಿ ಕೋಟಿ ಬೇಕ್ರಿ. ನಮ್ಮ ಕಂಪನಿ ಅಷ್ಟೂ ಹಾಕಿ ಸಾಬೀತ ಮಾಡ್ತು ಅನ್ರಿ. ಮರುದಿನ ಎಲ್ಲಾ ಕಂಪನಿಯವರೂ ಅದನ್ನ ಮಾರ್ತಾರ. ಹೊಲ ಹರಗಿ, ಬಿತ್ತಿ, ನೀರ ಹಾಯಸಾಂವ ನಾನು. ರಾಶಿ ಹೊತ್ಕೊಂಡ ಹೋಗಾವ್ರು ಊರ ಮಂದಿ. ಯಾವ ಒಕ್ಕಲಿಗ ಒಪ್ತಾನ?"

ಸರಿತಾ ನೀರಿನ ಲೋಟ ಕೆಳಗಿಟ್ಟಳು. ಮೈ ಉರಿಯುತ್ತಿತ್ತು, ಆದರೆ ಈ ಮಾತಿನಲ್ಲಿ ಸುಳ್ಳನ್ನು ಎಲ್ಲಿ ಹಿಡಿಯಬೇಕೆಂದು ತಿಳಿಯಲಿಲ್ಲ.

"ಸರ್ಕಾರದವ್ರು ಕೊಡಬಹುದಿತ್ತಲ್ಲ?"

"ಅಲ್ಲೂ ಅಲದಾಡಿದ. ಅವರಂದ್ರು, ಮೊದಲ ಒಂದೀಟ ಪುರಾವೆ ತಗೊಂಡ ಬರ್ರಿ, ಆಮ್ಯಾಲೆ ರೊಕ್ಕಾ. ಪುರಾವೆ ಮಾಡಾಕ ರೊಕ್ಕಾ ಬೇಕಲ್ಲ ಅಂದ. ಹೌದ್ರಿ, ಅದಕ್ಕ ಮೊದಲ ಪುರಾವೆ ಬೇಕಲ್ಲ ಅಂದ್ರು. ದಾನಾ ಮಾಡೋ ಟ್ರಸ್ಟಿನವ್ರೂ ಹಂಗ. ಕಡೀಗೆ ಬನಹಟ್ಟಿ ನೇಕಾರ ಮಂದಿ ಕಡಿಂದ ರೊಕ್ಕದ ಪಟ್ಟಿ ಎತ್ತಿ ಸಣ್ಣ ಪ್ರಯೋಗ ಶುರು ಮಾಡಿದ. ನನಗ ಕೆಟ್ಟ ಅನಸ್ತು ಮೇಡಂ. ಶ್ಯಾಣ್ಯಾ ಇದ್ದ, ಜಗತ್ತ ತಿಳೀಲಿಲ್ಲ ಅವಂಗ."

"ನೀವ್ಯಾಕ ಸಹಾಯ ಮಾಡ್ಲಿಲ್ಲ?"

"ನಮ್ಮ ಕಂಪನಿಗೆ ಅವನ ಅರ್ಜಿ ನಾನ ಕಳಿಸಿದ್ನಿ. ಮ್ಯಾಲಿನವ್ರು ಸೀದಾ ಬ್ಯಾಡ ಅಂದ್ರು. ಅದಕ್ಕ ಅವಂಗ ನನ್ನ ಮ್ಯಾಲೆ ಸಿಟ್ಟು. ಗಣಪತಿ ಹಬ್ಬದಾಗ ಮಾತಾಡಿದ್ದ ಕಡಿ. ಆಮ್ಯಾಲೆ ಫೋನೂ ಇಲ್ಲ, ಭೇಟಿನೂ ಇಲ್ಲ."

ವೀರೇಶನ ಕೊನೆಯ ಕರೆ ಹೋಗಿದ್ದು ಯಾರದೋ ಸತ್ತವರ ಹೆಸರಿನಲ್ಲಿದ್ದ ಒಂದು ಸಿಮ್ಮಿಗೆ. ಅದು ಅವತ್ತಿನಿಂದಲೇ ಬಂದ್ ಆಗಿತ್ತು. ಸರಿತಾ ಆ ನಂಬರನ್ನು ಹೇಳಿ ಧರ್ಮರಾಜನ ಮುಖ ನೋಡಿದಳು. ಅವನು ರೊಟ್ಟಿ ಮುರಿಯುತ್ತಲೇ ತಲೆ ಅಲ್ಲಾಡಿಸಿದ.

"ಇಲ್ಲಿ ಕೇಳ್ರಿ," ಎಂದ ಅವನು, ಈಗ ದನಿ ತಗ್ಗಿಸಿ. "ಅವನ ಪ್ರಯೋಗ ಮುಗೀತು. ಏನಾತು? ಖರೇ ಗುಳಿಗಿ ತಿಂದವ್ರೂ ಖಾಲಿ ಗುಳಿಗಿ ತಿಂದವ್ರೂ ಒಂದ ಸಮ. ಕೂದಲೆಳಿ ಫರಕಿಲ್ಲ. ಅವನ ಗುಳಿಗಿ ಸೋತೋತು. ಬಿದ್ದಾಂವನ್ನ ನಾ ಯಾಕ ಹೊಡೀಲಿ? ನಮ್ಮ ಇಂಜೆಕ್ಷನ್ ಬರೋ ತಿಂಗಳ ಸರ್ಕಾರದ ಯೋಜನಾದಾಗ ಸೇರಾಕತ್ತೈತಿ. ನಾನಾಗಿದ್ರ ಅವನ್ನ ಸ್ಟೇಜ್ ಹತ್ತಿಸಿ, ಶಾಲು ಹೊದಿಸಿ, 'ನನ್ನ ಗುಳಿಗಿ ಸೋತ್ತು' ಅಂತ ಅವನ ಬಾಯಿಂದನ ಹೇಳಸ್ತಿದ್ನಿ. ಪಾಪ, ನಾಚಿಕ್ಯಾಗಿ ಹೊಳಿ ಬಿದ್ದಾನ. ನಿಮ್ಮ ಸಾಹೇಬ್ರು ಹೇಳೋದ ಖರೆ ಐತಿ."

ತನಿಖೆಯ ಕಡತವನ್ನು ಓದಿದ್ದ ಸರಿತಾಳಿಗೂ ಇದೇ ಕಗ್ಗಂಟಾಗಿತ್ತು. ಬಾಯಿಯ ಕ್ಯಾನ್ಸರಿಗೆ ಹುಬ್ಬಳ್ಳಿಯಲ್ಲಿ ಆಪರೇಷನ್, ರೇಡಿಯೇಷನ್ನಿನ ಕರೆಂಟು ಎಲ್ಲ ಮುಗಿಸಿಕೊಂಡು ಬಂದವರಲ್ಲಿ ಅರ್ಧ ಜನಕ್ಕೆ ವೀರೇಶ ಹುಳದ ಗುಳಿಗೆ ಕೊಟ್ಟ, ಉಳಿದರ್ಧಕ್ಕೆ ನೋಡಲು ಹಾಗೆಯೇ ಇರುವ ಖಾಲಿ ಗುಳಿಗೆ ಕೊಟ್ಟ. ಯಾರ ಡಬ್ಬಿಯಲ್ಲಿ ಯಾವುದಿದೆ ಎಂದು ಕೊಡುವವನಿಗೂ ಗೊತ್ತಿರಲಿಲ್ಲ, ತಿನ್ನುವವರಿಗೂ ಗೊತ್ತಿರಲಿಲ್ಲ. ಆ ಗುಟ್ಟು ಮೆಡಿಕಲ್ ಕಾಲೇಜಿನವರ ಹತ್ತಿರವಿತ್ತು. ವರ್ಷ ಮುಗಿದ ಮೇಲೆ ಒಂದು ಮಂಗಳವಾರ ಅವರು ಅದನ್ನು ವೀರೇಶನ ಮುಂದೆ ಬಿಚ್ಚಿದರು. ಬುಧವಾರ ಅವನು ಸತ್ತ.

"ಎಲ್ಲಾ ಒಂದ ಸಮ," ಧರ್ಮರಾಜ ಕೈ ತೊಳೆಯಲು ಎದ್ದು ನಿಂತು ಅಂದ. "ನಿಮ್ಮ ಚಿಗವ್ವನ್ನ ನೋಡ್ರಿ. ಶಂಕ್ರೆವ್ವ. ಪಾಪ, ವರ್ಷಾತು, ಖಾಲಿ ಗುಳಿಗಿನ ನುಂಗಿ ನುಂಗಿ ನಂಬ್ಕೊಂಡ ಕುಂತಾಳ."

ಯಾರಾದರೂ ಕೇಳಿಸಿಕೊಂಡರೇನೋ ಎಂದು ಸರಿತಾ ಸುತ್ತ ನೋಡಿದಳು.

"ಚಿಗವ್ವ ರೋಗಿ ಅನ್ನೋದು, ನೀವ ತನಿಖಾ ಮಾಡಾಕತ್ತಿದ್ದು, ಸಾಹೇಬ್ರಿಗೆ ಗೊತ್ತೈತೇನ್ರಿ? ಗೊತ್ತಾದ್ರ ಕೇಸ ಕೈ ಬಿಡಬೇಕಾಕ್ಕೈತಿ ಅಲ್ಲ? ನಾ ಹೇಳಾಂವ ಅಲ್ಲ ಬಿಡ್ರಿ. ಅಕಿನ ಛಲೋತ್ನ್ಯಾಗ ನೋಡ್ಕೊರಿ. ಇಂಥಾ ರೋಗಿಗಳಿಗೆ ಇವತ್ತ ಇದ್ದಂಗ ನಾಳೆ ಇರೂದಿಲ್ಲ."

ಅವನು ಹೊರಗೆ ಹೋಗಿ ಕಾರು ಹತ್ತುವವರೆಗೂ ಸರಿತಾ ಕುಳಿತಲ್ಲೇ ಕುಳಿತಿದ್ದಳು. ಮುಂದಿದ್ದ ರೊಟ್ಟಿ ಒಣಗಿ ಸೆಟೆದಿತ್ತು.

"ಮೇಡಂರ, ನೀವ ಉಣ್ಣೂದಿಲ್ಲಂದ್ರ..." ಎಂದು ಭೀಮಪ್ಪ ತಾಟಿನ ಕಡೆ ಕೈ ಚಾಚಿದವನು ಅವಳ ಮುಖ ನೋಡಿ ಕೈ ಹಿಂದಕ್ಕೆ ಎಳೆದುಕೊಂಡ.

"ಗಾಡಿ ತಗಿ ಭೀಮಪ್ಪ. ಬನಹಟ್ಟಿಗೆ ಹೋಗೂಣು."

*

ಕಬ್ಬಿನ ಹಂಗಾಮು. ಸಮೀರವಾಡಿಯ ಸಕ್ಕರೆ ಕಾರ್ಖಾನೆ ಕಡೆ ಹೊರಟ ಟ್ರ್ಯಾಕ್ಟರುಗಳು ಒಂದರ ಹಿಂದೆ ಎರಡೆರಡು ಟ್ರಾಲಿ ಕಟ್ಟಿಕೊಂಡು ರಸ್ತೆಯನ್ನೇ ತಮ್ಮ ಹೆಸರಿಗೆ ಬರೆಸಿಕೊಂಡಂತೆ ಸಾಗುತ್ತಿದ್ದವು. ಭೀಮಪ್ಪ ಹಾರ್ನ್ ಒತ್ತಿ ಒತ್ತಿ ಬೇಸತ್ತು, ಟ್ರ್ಯಾಕ್ಟರಿನವನ ವಂಶಾವಳಿಯನ್ನೆಲ್ಲ ಬಯ್ಯತೊಡಗಿದ.

ಸರಿತಾಳಿಗೆ ಯಾವುದೂ ಕೇಳಿಸುತ್ತಿರಲಿಲ್ಲ. ಹೆತ್ತವ್ವ ಸತ್ತಾಗ ಅವಳಿಗೆ ಮಾತು ಸರಿಯಾಗಿ ಬರುತ್ತಿರಲಿಲ್ಲ. ಸಾಕಿ, ಬೆಳೆಸಿ, ಶಾಲೆಗೆ ಹಚ್ಚಿ, "ನಮ್ಮ ಸರೂ ಫೌಜದಾರ ಆಗತಾಳ" ಎಂದು ಊರಿಗೆಲ್ಲ ಹೇಳಿ ಹೇಳಿ ಕೊನೆಗೆ ಅದನ್ನು ನಿಜ ಮಾಡಿದವಳು ಚಿಗವ್ವ. ದಿನಾ ಸುಟ್ಟ ತಂಬಾಕಿನ ಮಿಶ್ರಿ ಹಾಕಿ ಹಲ್ಲುಜ್ಜಿ ಬಾಯಲ್ಲಿ ಹುಣ್ಣು ಮಾಡಿಕೊಂಡವಳೂ ಅವಳೇ. ಉಗಾದಿ ನೋಡುವುದಿಲ್ಲ ಎಂದಿದ್ದರು ಹುಬ್ಬಳ್ಳಿಯ ಡಾಕ್ಟರರು. ಉಗಾದಿ ಹೋಯಿತು, ದಸರೆ ಹೋಯಿತು, ಚಿಗವ್ವ ಮೆತ್ತಗೆ ಮಾಡಿದ ರೊಟ್ಟಿಯನ್ನು ಮಜ್ಜಿಗೆಯಲ್ಲಿ ಅದ್ದಿ ತಿನ್ನುತ್ತ ಇನ್ನೂ ಎಲ್ಲರನ್ನೂ ಬಯ್ಯುತ್ತ ಇದ್ದಳು. ಅದು ವೀರೇಶನ ಗುಳಿಗೆಯಿಂದಲೇ ಎಂದು ಸರಿತಾ ನಂಬಿದ್ದಳು.

ಕಾಲೇಜಿನವರ ಕಾಗದದಲ್ಲಿ ಶಂಕ್ರೆವ್ವನ ಹೆಸರಿನ ಮುಂದೆ 'ಖಾಲಿ' ಎಂದಿದ್ದನ್ನು ಓದಿದ ದಿನ ಅವಳು ಠಾಣೆಯ ಬಚ್ಚಲಿನಲ್ಲಿ ನಳ ಬಿಟ್ಟು ಅತ್ತಿದ್ದಳು. ಆ ಸಂಗತಿಯನ್ನು ಅವಳು ಯಾರಿಗೂ ಹೇಳಿರಲಿಲ್ಲ.

"ಗಾಡಿ ನಿಲ್ಲಸು!"

ಭೀಮಪ್ಪ ಬೆಚ್ಚಿ ಬ್ರೇಕ್ ಹಾಕಿದ. ಹಿಂದಿನ ಟ್ರ್ಯಾಕ್ಟರಿನವನು ಈಗ ಇವನ ವಂಶಾವಳಿಯನ್ನು ಹಿಡಿದ.

"ಏನಾತ್ರಿ ಮೇಡಂರ?"

"ಚಿಗವ್ವಗ ಖಾಲಿ ಗುಳಿಗಿ ಹ್ವಾದ್ವು ಅಂತ ಧರ್ಮರಾಜಗ ಹೆಂಗ ಗೊತ್ತು?"

"ಡಾಕ್ಟರ ಹೇಳಿರಬೇಕ್ರಿ."

"ಯಾವಾಗ? ಡಾಕ್ಟರಗ ಗೊತ್ತಾಗಿದ್ದ ಮಂಗಳವಾರ. ಸತ್ತಿದ್ದ ಬುಧವಾರ. ಇವಾ ಗಣಪತಿ ಹಬ್ಬದಿಂದ ಮಾತ ಆಡಿಲ್ಲಂತಾನ."

ಭೀಮಪ್ಪ ಮೀಸೆ ತಿರುವಿದ. "ಕಾಲೇಜಿನವ್ರು ಹೇಳಿರಬಹುದು."

"ಅವರು ಬಾಯಿ ಬಿಟ್ಟಿಲ್ಲ. ನಾ ಕೋರ್ಟಿನ ಕಾಗದಾ ಒಯ್ದ ಮ್ಯಾಲೇನ ನನಗೂ ತೋರಿಸ್ಯಾರ."

ಭೀಮಪ್ಪ ಗಾಡಿಯನ್ನು ರಸ್ತೆಯ ಬದಿಗೆ ತಂದ. ಚಿಗವ್ವನ ಹೆಸರು ಕೇಳಿ ಹೆದರಿದ್ದಕ್ಕೆ ತನಗೆ ಈ ಮಾತು ಅಲ್ಲೇ ಹೊಳೆಯಲಿಲ್ಲ ಎಂದು ಸರಿತಾ ತನ್ನ ಮೇಲೇ ಸಿಟ್ಟಾದಳು. ಅವನು ಹೆದರಿಸಲೆಂದೇ ಆ ಹೆಸರು ಎತ್ತಿದ್ದ. ಎತ್ತುವ ಅವಸರದಲ್ಲಿ ಬೇಡದ್ದನ್ನೂ ಹೇಳಿಬಿಟ್ಟಿದ್ದ.

ಆದರೆ ಅವನ ಪ್ರಶ್ನೆ ಇನ್ನೂ ಹಾಗೇ ನಿಂತಿತ್ತು. ಗುಳಿಗೆ ಸೋತ ಮೇಲೆ ಗುಳಿಗೆಯ ಡಾಕ್ಟರನ್ನು ಯಾರು ಯಾಕೆ ಕೊಲ್ಲಬೇಕು?

*

ಬನಹಟ್ಟಿಯ ಆ ಓಣಿಯಲ್ಲಿ ಮಗ್ಗಗಳ ಸದ್ದಿಗೆ ಮನಸ್ಸಿನೊಳಗಿನ ಮಾತೂ ಕೇಳಿಸುವುದಿಲ್ಲ. ಅಲ್ಲಿ ಹುಟ್ಟಿದವರು ಗಟ್ಟಿಯಾಗಿ ಮಾತಾಡುವುದು ಜಗಳಗಂಟರೆಂದಲ್ಲ, ಬೇರೆ ದಾರಿಯಿಲ್ಲದೆ. ಸರಿತಾ ಬಾಗಿಲಿಗೆ ಬಂದಾಗ ಚಿಗವ್ವನ ಮನೆಯ ಪಡಸಾಲೆಯಲ್ಲಿ ಓಣಿಯ ಹೆಂಗಸರು ಸುತ್ತ ಕುಳಿತಿದ್ದರು. ಎಲ್ಲರೂ ವೀರೇಶನ ಗುಳಿಗೆಯ ರೋಗಿಗಳೇ. ಒಬ್ಬಳ ದವಡೆ ಅರ್ಧ ಇರಲಿಲ್ಲ, ಒಬ್ಬಳು ಮಾತಾಡುವಾಗ ಸೆರಗಿನಿಂದ ಬಾಯಿ ಒತ್ತಿಕೊಳ್ಳುತ್ತಿದ್ದಳು. ನಡುವೆ ಒಂದು ತಾಟು. ತಾಟಿನ ಮುಂದೆ ಶಂಕ್ರೆವ್ವ ಅಡಿಕೆ ಕತ್ತರಿಸುವ ಅಡಕೊತ್ತು ಹಿಡಿದು ಗುಳಿಗೆಗಳನ್ನು ಕಟ್ ಕಟ್ ಎಂದು ತುಂಡು ಮಾಡುತ್ತಿದ್ದಳು.

"ಬಂದ್ಯಾ ಸರೂ? ಬಾ ಯವ್ವಾ, ಕುಂದರು. ಸೊರಗೀದಿ. ಆ ಭೀಮಪ್ಪ ಎಲ್ಲಾ ತಾನ ತಿಂತಾನೇನ?"

"ಇದೇನ ಮಾಡಾಕತ್ತಿ ಚಿಗವ್ವ?"

"ಗುಳಿಗಿ ಹಂಚಾಕತ್ತೇನಿ. ಹೆಚ್ಚು ಕಮ್ಮಿ ಆಗಬಾರದು ನೋಡು. ಸಾವಕ್ಕಾ, ಹಿಡಿ ಬೇ."

ಮಗ್ಗಲಿನ ಮನೆಯ ಸಾವಕ್ಕ ತನ್ನ ಪಾಲಿನ ತುಣುಕುಗಳನ್ನು ಬಾಯಿಗೆಸೆದು ನೀರು ಗುಟುಕರಿಸಿ ಮುಖ ಕಿವುಚಿದಳು. ಒಬ್ಬೊಬ್ಬರೂ ಅದನ್ನೇ ಮಾಡಿದರು. ಕೊನೆಗೆ ಶಂಕ್ರೆವ್ವ ತಾಟಿನಲ್ಲಿ ಉಳಿದದ್ದನ್ನು ತಾನು ನುಂಗಿದಳು. ಬುತ್ತಿ ಬಿಚ್ಚಿದಾಗ ಪಲ್ಯ ಹಂಚಿಕೊಂಡು ತಿಂದಷ್ಟೇ ಸಲೀಸಾಗಿ ಮುಗಿಯಿತು ಅದು.

ಸರಿತಾ ಖಾಲಿಯಾದ ತಾಟನ್ನು ನೋಡಿದಳು.

"ಯಾವಾಗಿಂದ ಹಿಂಗ ಹಂಚ್ಕೊಳ್ಳಾಕತ್ತೀರಿ?"

"ಮೊದಲಿಂದನೂ," ಎಂದಳು ಶಂಕ್ರೆವ್ವ, ಇದರಲ್ಲಿ ಕೇಳುವುದೇನಿದೆ ಎಂಬಂತೆ. "ಡಾಕ್ಟರ ಮೊದಲ್ನೇ ದಿನಾನ ಬಿಚ್ಚಿ ಹೇಳಿದಾ. ಅರ್ಧಾ ಮಂದಿಗೆ ಖರೇ ಗುಳಿಗಿ, ಅರ್ಧಾ ಮಂದಿಗೆ ಖಾಲಿ, ಯಾರಿಗೆ ಯಾವದು ನನಗೂ ಗೊತ್ತಿಲ್ಲ ಅಂದಾ. ನಾವೆಲ್ಲಾ ಒಂದ ಕಡೆ ಕುಂತು ಮಗ್ಗಕ್ಕ ನೂಲಿನ ಕಂಡಕಿ ಸುತ್ತಾವ್ರು. ಬುತ್ತಿ ಬಿಚ್ಚಿದ್ರ ಯಾರ ಪಲ್ಯಾ ಯಾರ ರೊಟ್ಟಿ ಅಂತ ನೋಡಿದವ್ರಲ್ಲ. ಇಲ್ಲಿ ಸಾವಕ್ಕ ಬದಕಬೇಕು, ನಾ ಸಾಯಬೇಕು, ಇಲ್ಲಾ ನಾ ಬದಕಬೇಕು, ಅಕಿ ಸಾಯಬೇಕು ಅಂದ್ರ ಹೆಂಗವಾ?"

"ನೀವಷ್ಟ ಏನು? ಇಲ್ಲಾ..."

"ಎಲ್ಲಾರೂ. ಜಮಖಂಡಿ ದವಾಖಾನಿಗೆ ಎಲ್ಲಾರೂ ಒಂದ ದಿನಾ ಹೋಗ್ತಿದ್ವಲ್ಲ. ಮುಧೋಳದವ್ರು, ಬೀಳಗಿಯವ್ರು, ಗಂಡಸರು, ಹೆಂಗಸರು. ಡಬ್ಬಿ ತಗೊಂಡ ಹೊರಗ ಬಂದಕೂಡ್ಲೆ ಬಸ್‌ಸ್ಟ್ಯಾಂಡಿನ್ಯಾಗ ನನ್ನ ಸೆರಗ ಹಾಸಿ ಎಲ್ಲಾ ಸುರವಿ, ಕೂಡಸಿ, ಸಮಾ ಹಂಚಿ ಕೊಡ್ತಿದ್ನಿ. ಗಂಡಸರು ಮೊದಲ ಒಲ್ಲೆ ಅಂದ್ರು. ನಾ ಬಿಡ್ಲಿಲ್ಲ."

ಸರಿತಾ ಗೋಡೆಗೆ ಒರಗಿ ನೆಲಕ್ಕೆ ಕುಳಿತಳು.

ಖರೇ ಗುಳಿಗೆಯವರೂ ಖಾಲಿ ಗುಳಿಗೆಯವರೂ ಒಂದೇ ಸಮ! ಒಂದೇ ಸಮ ಇರದೆ ಇನ್ನೇನಾಗಬೇಕಿತ್ತು? ಎಲ್ಲರೂ ತಿಂದದ್ದು ಒಂದೇ. ಉಗಾದಿ ನೋಡುವುದಿಲ್ಲ ಎನ್ನಿಸಿಕೊಂಡವರೆಲ್ಲ ಇಲ್ಲಿ ಸುತ್ತ ಕುಳಿತಿದ್ದರು. ಅದು ಗುಳಿಗೆಯಿಂದಲೋ, ಆಪರೇಷನ್ನಿನಿಂದಲೋ, ಇನ್ನು ಯಾರೂ ಎದೆ ತಟ್ಟಿ ಹೇಳುವಂತಿರಲಿಲ್ಲ. ಆದರೆ ಗುಳಿಗೆ ಸೋತಿತೆಂದು ಹೇಳುವಂತೆಯೂ ಇರಲಿಲ್ಲ. ನಗಬೇಕೋ ಅಳಬೇಕೋ ಸರಿತಾಳಿಗೆ ತಿಳಿಯಲಿಲ್ಲ. ಊರೆಲ್ಲ ಸೇರಿ ಪಟ್ಟಿ ಎತ್ತಿ ಮಾಡಿಸಿದ ಪ್ರಯೋಗವನ್ನು ಅದೇ ಊರಿನವರು ಪ್ರೀತಿಯಿಂದ ಹಾಳು ಮಾಡಿದ್ದರು. ಇನ್ನೊಂದು ಸಲ ಮಾಡೋಣವೆಂದರೆ ಈ ಭೂಮಿಯ ಮೇಲೆ ಅದಕ್ಕೆ ದುಡ್ಡು ಕೊಡುವವರು ಯಾರೂ ಇರಲಿಲ್ಲ.

"ಡಾಕ್ಟರಗ ಇದನ್ನ ಹೇಳಲಿಲ್ಲೇನ ಚಿಗವ್ವ?" ಎಂದಳು.

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಶಂಕ್ರೆವ್ವ ಅಡಕೊತ್ತನ್ನು ಕೆಳಗಿಟ್ಟಳು.

"ಹೇಳಿದ್ನಿ."

"ಯಾವಾಗ?"

"ಸತ್ತಾನಲ್ಲ, ಅವತ್ತ ಮುಂಜಾನೆ. ಇಲ್ಲೇ ಬಂದಿದ್ದ. ಮುಖಾ ಇಷ್ಟ ಮಾಡ್ಕೊಂಡು, 'ಎಲ್ಲಾರೂ ನನಗ ಮಾಫಿ ಮಾಡ್ರಿ, ನನ್ನ ಗುಳಿಗಿ ಕೆಲಸಾ ಮಾಡಲಿಲ್ಲ, ನಿಮ್ಮ ವರ್ಷಾ ಹಾಳ ಮಾಡಿದ್ನಿ' ಅಂದಾ. ಶಂಕ್ರೆವ್ವಾ ನಿನ್ನ ಡಬ್ಬಿಯಾಗ ಬರೇ ಖಾಲಿ ಇದ್ವು ಅಂದಾ. ನನಗ ತಡಕೊಳ್ಳಾಕ ಆಗಲಿಲ್ಲವಾ. ಇದ್ದದ್ದ ಹೇಳಿಬಿಟ್ನಿ."

"ಸಿಟ್ಟಾದನಾ?"

"ಆದಾ. ತಲಿ ತಲಿ ಬಡಕೊಂಡಾ. 'ಏನ ಮಾಡಿಟ್ರಿಬೇ ನೀವು' ಅಂದಾ. ಆಮ್ಯಾಲೆ ಹೊಸ್ತಲಾ ಮ್ಯಾಲೆ ಕುಂತು ನಗಾಕ ಹತ್ತಿದಾ. ಕಣ್ಣಾಗ ನೀರು, ಬಾಯಾಗ ನಗಿ. ಮತ್ತ ಮೊದಲಿಂದ ಮಾಡ್ತೀನಿ ಅಂದಾ. ಈ ಸಲಾ ಒಂದ ಊರಿಗೆ ಪೂರಾ ಖರೇ, ಇನ್ನೊಂದ ಊರಿಗೆ ಪೂರಾ ಖಾಲಿ ಕೊಡ್ತೀನಿ, ನೀವ ಹೆಂಗ ಹಂಚಕೊಂಡ್ರೂ ನನ್ನ ಲೆಕ್ಕಾ ತಪ್ಪಬಾರದು ಅಂದಾ. ಚಾ ಮಾಡಸ್ಕೊಂಡ ಕುಡದಾ."

ಶಂಕ್ರೆವ್ವ ಸೆರಗಿನಿಂದ ಕಣ್ಣು ಒತ್ತಿಕೊಂಡಳು.

"ಅಂಥಾಂವ ಸಂಜಿಕ ಹೊಳಿ ಬಿದ್ದಾ ಅಂದ್ರ? ನಮ್ಮ ಮುಂದ ನಕ್ಕಾ, ಒಳಗ ಭಾಳ ನೊಂದ್ಕೊಂಡಿರಬೇಕು ಅಂತ ನಾವ ತಿಳಕೊಂಡ್ವಿ. ನಾವ ಕೊಂದ್ವಿ ಅವನ್ನ ಸರೂ. ಅದಕ್ಕ ನಿನ್ನ ಮುಂದ ಬಾಯಿ ಬಿಡ್ಲಿಲ್ಲ."

ಸರಿತಾ ಮಂಡಿಯೂರಿ ಹತ್ತಿರ ಸರಿದು ಆ ಒಣಗಿದ ಕೈ ಹಿಡಿದುಕೊಂಡಳು. ಚಹಾ ಕೇಳಿ ಕುಡಿದು, ಮುಂದಿನ ಪ್ರಯೋಗದ ಬಗೆ ಯೋಚಿಸಿ ಹೋದವನು ಹೊಳೆಗೆ ಹಾರುವುದಿಲ್ಲ.

"ನೀವ ಕೊಂದಿಲ್ಲ ಚಿಗವ್ವ. ಈಗ ನೆನಪ ಮಾಡ್ಕೊಂಡ ಹೇಳು. ಇಲ್ಲಿಂದ ಹೋಗಾಗ ಯಾರ ಕಡೆ ಹೊಂಟೀನಿ ಅಂದಾ?"

"ಇಲ್ಲೇ ನಿಂತು ಫೋನ್ ಹಚ್ಚಿದ್ದನಲ್ಲ. 'ಧರ್ಮಣ್ಣಾ, ಗುಳಿಗಿ ಸೋತಿಲ್ಲೋ! ಶಂಕ್ರೆವ್ವ ಎಲ್ಲಾ ಹೇಳಿದ್ಲು' ಅಂತ ಒದರಾಕ ಹತ್ತಿದ್ದ. ಮಗ್ಗದ ಸಪ್ಪಳಾ ನೋಡು, ಒದರಲಾರದ ಆಗೂದಿಲ್ಲ. ಸಂಜಿಕ ಅನಗವಾಡಿ ಹೊಳಿದಂಡಿಗೆ ಬಾ ಅಂದನಂತ ಅವಾ. ಹಳೇ ದೋಸ್ತ ಅಂತ ಹೇಳಿದ್ದ."

ಸರಿತಾ ಎದ್ದು ನಿಂತಳು. ಸತ್ತವರ ಹೆಸರಿನಲ್ಲಿದ್ದ ಆ ಸಿಮ್ಮು ಯಾರ ಕೈಯಲ್ಲಿತ್ತೆಂದು ಈಗ ತಿಳಿಯಿತು. ಸೋತ ಗುಳಿಗೆಯ ಡಾಕ್ಟರನ್ನು ಯಾಕೆ ಕೊಲ್ಲಲಿ ಎಂದು ಕೇಳಿದ್ದ ಧರ್ಮರಾಜ. ಗುಳಿಗೆ ಸೋತಿಲ್ಲ ಎಂಬುದನ್ನು ಈ ಓಣಿಯ ಹೊರಗೆ ಮೊದಲು ಕೇಳಿಸಿಕೊಂಡವನೇ ಅವನು. ಬರುವ ತಿಂಗಳು ಇಂಜೆಕ್ಷನ್ ಸರ್ಕಾರದ ಯೋಜನೆಗೆ ಸೇರುವ ಹೊತ್ತಿನಲ್ಲಿ ಇಂಥದೊಂದು ಮಾತು ಹೊರಬಿದ್ದಿದ್ದರೆ?

"ಚಿಗವ್ವ, ನೀ ಹೇಳಿದ್ದನ್ನ ಕೋರ್ಟಿನ್ಯಾಗ ಹೇಳಬೇಕು."

"ಹೇಳ್ತೀನಿ. ನನಗೇನ ಅಂಜಿಕಿ?"

"ಮತ್ತ ಡಾಕ್ಟರ ಗುಳಿಗಿ ಒಂದೀಟ ಉಳದಿದ್ರ ಕೊಡು. ಪರೀಕ್ಷಾಕ್ಕ ಕಳಸಬೇಕು. ದವಾಖಾನ್ಯಾಗಿನ್ವು ನಾ ಬೀಗಾ ಹಾಕಿ ಇಟ್ಟೀನಿ, ಮನ್ಯಾಗಿನೂ ಒಂದ್ನಾಲ್ಕು ಬೇಕು."

"ಡಾಕ್ಟರವು ಎಲ್ಲಿ ಅದಾವು? ಅವು ಮುಗದ ಮೂರ್ನಾಕ ದಿನಾ ಆತು."

ಭೀಮಪ್ಪ ಬಾಗಿಲಲ್ಲಿ ನಿಂತು ಏನೋ ಹೇಳಲು ಬಾಯಿ ತೆರೆದಿದ್ದ. ಸರಿತಾ ಅವನತ್ತ ಕೈ ಎತ್ತಿ ತಡೆದಳು.

"ಮತ್ತ ಈಗ ತಿಂದ್ರಲ್ಲ? ಅವು?"

"ಅವಾ? ನಿನ್ನೆ ಸಂಜಿಕ ಒಬ್ಬಾಂವ ಬಂದಿದ್ದ. ಬಿಳಿ ಅಂಗಿ, ಛಲೋ ಮನಶ್ಯಾ. ಡಾಕ್ಟರ ದೋಸ್ತ ಅಂದಾ. ಸಾಯೂಕಿಂತ ಮೊದಲ ಡಾಕ್ಟರ ನಿಮಗ ಅಂತ ಇಟ್ಟಿದ್ದ ಅಂತ ಒಂದ ಪುಡಕಿ ಕೊಟ್ಟಾ. ಇದು ನಿನಗೊಬ್ಬಾಕಿಗಷ್ಟ ಶಂಕ್ರೆವ್ವಾ, ಎಲ್ಲಾ ಒಮ್ಮಿಗೆ ತಗೋಬೇಕು, ಯಾರಿಗೂ ಕೊಡಬ್ಯಾಡ, ಯಾರಿಗೂ ಹೇಳಬ್ಯಾಡ ಅಂತ ಆಣಿ ಮಾಡಸ್ಕೊಂಡಾ."

ಕ್ಯಾನ್ಸರ್ ರೋಗಿಯೊಬ್ಬಳು ಸತ್ತರೆ ಯಾರೂ ಪಂಚನಾಮೆ ಮಾಡುವುದಿಲ್ಲ, ಯಾರೂ ಹೊಟ್ಟೆ ಸೀಳಿ ನೋಡುವುದಿಲ್ಲ. ಇವತ್ತು ಇದ್ದಂಗೆ ನಾಳೆ ಇರುವುದಿಲ್ಲ ಎಂದು ಮಧ್ಯಾಹ್ನವಷ್ಟೇ ಅವನು ಅವಳ ಮುಖಕ್ಕೇ ಹೇಳಿದ್ದ.

"ಆಣಿ ಮಾಡೀನಿ, ಖರೆ," ಎನ್ನುತ್ತಿದ್ದಳು ಶಂಕ್ರೆವ್ವ, ತಪ್ಪು ಒಪ್ಪಿಕೊಳ್ಳುವವಳಂತೆ ತಲೆ ತಗ್ಗಿಸಿ. "ಮಾಡಿದ್ರೂ, ಇವರನ್ನೆಲ್ಲಾ ಮುಂದ ಕುಂದರಿಸ್ಕೊಂಡು ನಾ ಒಬ್ಬಾಕೀನ ಹೆಂಗ ನುಂಗಲಿ ಹೇಳು?"

"ಭೀಮಪ್ಪ! ಗಾಡಿ ತಗಿ! ಎಲ್ಲಾರನ್ನೂ ಎಬ್ಬಸು!" ಸರಿತಾ ಕೂಗಿದ್ದು ಮಗ್ಗಗಳ ಸದ್ದನ್ನೂ ಮೀರಿ ಓಣಿಗೆಲ್ಲ ಕೇಳಿಸಿತು.

ಹೆಂಗಸರು ಗಾಬರಿಯಾಗಿ ಏಳತೊಡಗಿದರು. ಸಾವಕ್ಕ ಮಾತ್ರ ಏಳಲಿಲ್ಲ. ಎರಡು ಬೆರಳಿನಿಂದ ತನ್ನ ತುಟಿಯನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದಳು.

"ಶಂಕ್ರಕ್ಕಾ," ಎಂದಳು ಅವಳು ಮೆಲ್ಲಗೆ, "ನನ್ನ ನಾಲಿಗಿ ಯಾಕೋ ಜೋಮ ಹಿಡ್ಯಾಕತ್ತೈತಿ. ನಿಂದೂ ಹಂಗ ಆಗಾಕತ್ತೈತೇನು ನೋಡು."